ಫೀಡರಿನ ಹೊಟ್ಟೆಯೊಳಗಿನ ದಾರ

ಹಂಗಾಮು ಶುರುವಾಗುವ ಮುಂಚೆ ವರ್ಷಕ್ಕೊಮ್ಮೆ ನಾನು ಇಪ್ಪತ್ನಾಲ್ಕು ಫೀಡರುಗಳ ಹೊಟ್ಟೆ ಬಿಚ್ಚುತ್ತೇನೆ. ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರ ಜಿನ್ನು, ಅದರ ಬಾಯಿಗೆ ಹತ್ತಿ ಉಣಿಸುವ ಪೆಟ್ಟಿಗೆ ಫೀಡರು. ಪಕ್ಕದ ತಗಡು ಸರಿಸಿದರೆ ಒಳಗೆ ಮೊಳೆ ಮೊಳೆಯಾಗಿ ಹಲ್ಲು ಹೊತ್ತ ಸಿಲಿಂಡರು. ಅದರ ಹಲ್ಲು ಕಾಣುವುದೇ ಇಲ್ಲ, ಅಷ್ಟು ದಾರ ಸುತ್ತಿಕೊಂಡಿರುತ್ತದೆ. ಗೊಬ್ಬರದ ಚೀಲದ ಬಿಳಿ ಎಳೆ, ತಾಡಪತ್ರಿಯ ನೀಲಿ ಎಳೆ, ಯಾರದೋ ಸೀರೆ ಅಂಚಿನ ಹಸಿರು, ತಲೆಗೂದಲು, ಗುಟ್ಕಾ ಚೀಟಿ. ಒಂದು ವರ್ಷ ಕೂಸಿನ ಕಾಲುಚೀಲ ಸಿಕ್ಕಿತ್ತು. ಹೊಲದಲ್ಲಿ ಹತ್ತಿ ಬಿಡಿಸುವಾಗ ತಾಯಿ ಬದುವಿನ ಮೇಲೆ ಮಲಗಿಸಿದ ಕೂಸಿನದೇ ಇರಬೇಕು. ಬ್ಲೇಡು ಹಿಡಿದು ಆ ದಾರವನ್ನೆಲ್ಲ ಕೊಯ್ದು ಕೊಯ್ದು ತೆಗೆಯುವುದಕ್ಕೆ ಒಂದು ಫೀಡರಿಗೆ ಅರ್ಧ ದಿನ ಹಿಡಿಯುತ್ತದೆ.

ಈ ಸಲ ಕೊಯ್ಯುತ್ತ ಕೂತಾಗ ಜೊತೆಗಿದ್ದ ಹೊಸ ಹುಡುಗ ಕೇಳಿದ, "ಅಣ್ಣಾ, ಈ ಫೀಡರ್ ಇರಲಾರದ ಮೊದಲ ಹೆಂಗ ನಡೀತಿತ್ತು?" ನಾನು ನಕ್ಕುಬಿಟ್ಟೆ. ಫೀಡರ್ ಇಲ್ಲದ ಕಾಲದಲ್ಲಿ ಫೀಡರ್ ಆಗಿದ್ದವಳು ನಮ್ಮವ್ವ.

ಗದಗಿನ ಒಂದು ಜಿನ್ನಿನಲ್ಲಿ ಅವ್ವ ಹದಿನೆಂಟು ಹಂಗಾಮು ಹತ್ತಿ ಹಾಕಿದಳು. ಹಾಕುವುದು ಅಂದರೆ ಜಿನ್ನಿನ ಬಾಯಿಗೆ ಹಾಕುವುದು. ನಾನು 1983ರ ಸುಮಾರಿಗೆ ಮಧ್ಯಾಹ್ನ ಸಾಲಿ ಬಿಟ್ಟ ಮೇಲೆ ಬುತ್ತಿ ಒಯ್ಯುತ್ತಿದ್ದೆ. ಉದ್ದನೆಯ ಶೆಡ್ಡು, ಎರಡು ಸಾಲು ಜಿನ್ನು, ಒಂದೇ ದೊಡ್ಡ ಶಾಫ್ಟಿನಿಂದ ಎಲ್ಲಕ್ಕೂ ಪಟ್ಟಾ. ಪಟ್ಟಾಗಳ ಪಟಪಟ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಜಿನ್ನುಗಳ ಹಿಂದೆ ಎದೆಮಟ್ಟದ ಕಟ್ಟೆ, ಕಟ್ಟೆಯ ಮೇಲೆ ಹತ್ತಿಯ ರಾಶಿ. ಒಬ್ಬೊಬ್ಬ ಹೆಣ್ಣುಮಗಳಿಗೆ ಒಂದೊಂದು ಜಿನ್ನು. ಹಮಾಲರು ಅಂಡಿಗೆ ತಂದು ಸುರಿಯುತ್ತಿದ್ದರು, ಇವರು ಎರಡೂ ಕೈಯಿಂದ ತೆಗೆದು ಹಾಕುತ್ತಿದ್ದರು. ಎಲ್ಲರ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆಯಲ್ಲಿ ಬೆಳ್ಳನೆಯ ಅರಳಿ, ಅಂದರೆ ಕಾಳು ಬಿಡಿಸಿದ ಹತ್ತಿಯ ಎಳೆ. ದೂರದಿಂದ ನೋಡಿದರೆ ನಮ್ಮವ್ವ ಯಾರು, ಅವರ ಪೈಕಿ ಮುದುಕಿ ಯಾರು ಗೊತ್ತಾಗುತ್ತಿರಲಿಲ್ಲ.

ನನಗಾಗ ಅದೇನು ದೊಡ್ಡ ಕೆಲಸ ಅನಿಸಿರಲಿಲ್ಲ. ಕಣಕ್ಕೆ ತೆನೆ ಹಾಕಿದ ಹಾಗೆ ಹಾಕುವುದಲ್ಲವೇ? ಒಮ್ಮೆ ಅವ್ವ ನೀರು ಕುಡಿಯಲು ಹೋದಾಗ ನಾನೇ ಎರಡು ತೆಕ್ಕೆ ಎತ್ತಿ ಹಾಕಿದೆ. ಜಿನ್ನು ಗುರ್ ಅಂತು, ಪಟ್ಟಾ ಜಾರಿತು. ಮುಕಾದಮ ಓಡಿ ಬಂದ. ಅವ್ವ ಬಂದವಳೇ ನನ್ನ ಬೆನ್ನಿಗೆ ಒಂದು ಕೊಟ್ಟು, ಬಾಯೊಳಗಿನ ಹತ್ತಿ ಹಿಂದಕ್ಕೆಳೆದು ಹೇಳಿದಳು: "ಅದಕ್ಕೂ ಒಂದು ಬಾಯಿ ಐತೊ ತಮ್ಮಾ. ತುರುಕಿದ್ರ ಉಗುಳ್ತೈತಿ."

ಆ ಬಾಯಿ ಹೇಗಿದೆ ಅಂತ ಗೊತ್ತಾದದ್ದು ಐಟಿಐ ಮುಗಿಸಿ, ಫಿಟ್ಟರನಾಗಿ ಸೇರಿ, ಮಿಸ್ತ್ರಿ ಚಾಚಾನ ಕೈಕೆಳಗೆ ಮೊದಲ ಜಿನ್ನು ಬಿಚ್ಚಿದಾಗ. ನಮ್ಮ ಕಡೆ ಇರುವುದೆಲ್ಲ ಡಬಲ್ ರೋಲರ್ ಜಿನ್ನು. ಚರ್ಮದ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ ಪೋಣಿಸಿದ ಎರಡು ರೋಲು, ಹೊಸದಿದ್ದಾಗ ಏಳು ಇಂಚು ದಪ್ಪ. ಮೈಮೇಲೆ ಸುರುಳಿಯಾಗಿ ಕಚ್ಚು ಕೊರೆದಿರುತ್ತೇವೆ. ಪ್ರತಿ ರೋಲಿಗೂ ಒಂದು ಕದಲದ ಚೂರಿ ಒತ್ತಿಕೊಂಡಿರುತ್ತದೆ. ನಡುವೆ ಬೀಟರು, ಅದಕ್ಕೆ ಎರಡೂ ಮಗ್ಗುಲಲ್ಲಿ ಚೂರಿ, ನಿಮಿಷಕ್ಕೆ ಸಾವಿರದ ಹತ್ತಿರ ಸಲ ಮೇಲೆ ಕೆಳಗೆ ಆಡುತ್ತದೆ. ಒರಟು ಚರ್ಮ ಹತ್ತಿಯ ಎಳೆಯನ್ನು ಹಿಡಿದು ಕದಲದ ಚೂರಿಯ ಅಡಿಗೆ ಎಳೆದುಕೊಳ್ಳುತ್ತದೆ. ಕಾಳು ಅಷ್ಟು ಸಂದಿಯಲ್ಲಿ ತೂರಲಾರದು, ಅಲ್ಲೇ ನಿಲ್ಲುತ್ತದೆ. ಬೀಟರು ಬಂದು ಅದರ ತಲೆಗೆ ಬಡಿಯುತ್ತದೆ. ಎಳೆ ಹೊರಗೆ, ಕಾಳು ಜಾಲಿಯೊಳಗಿಂದ ಕೆಳಗೆ. ಇದಕ್ಕೆ ಮೂಲ ಅಮೆರಿಕದ ಫೋನ್ಸ್ ಮೆಕಾರ್ಥಿ 1840ರಲ್ಲಿ ಮಾಡಿದ ಜಿನ್ನು. ಎಲೈ ವಿಟ್ನಿ 1794ರಲ್ಲಿ ಪೇಟೆಂಟ್ ಪಡೆದದ್ದು ಬೇರೆ ಜಾತಿಯದು, ಅದು ಗರಗಸದ ಹಾಗೆ ಹರಿಯುತ್ತದೆ. ರೋಲು ಹರಿಯುವುದಿಲ್ಲ, ಎಳೆಯುತ್ತದೆ.

ಎಳೆಯುವ ಯಂತ್ರಕ್ಕೆ ಎಷ್ಟು ಕೊಡಬೇಕು ಅನ್ನುವುದೇ ಎಲ್ಲ. ಹೆಚ್ಚು ಕೊಟ್ಟರೆ ಬೀಟರಿಗೆ ಆಡಲು ಜಾಗ ಸಾಲದು. ಅರೆಬರೆ ಬಿಡಿಸಿದ ಕಾಳು, ಒಡೆದ ಕಾಳು ಅರಳಿಯೊಳಗೆ ಸೇರುತ್ತವೆ. ಕಡಿಮೆ ಕೊಟ್ಟರೆ ಅದಕ್ಕಿಂತ ಕೆಟ್ಟದ್ದು. ಚರ್ಮಕ್ಕೂ ಚೂರಿಗೂ ನಡುವೆ ಹತ್ತಿಯ ತೆಳು ಹಾಸು ಇಲ್ಲದಿದ್ದರೆ ಎರಡೂ ನೇರ ಉಜ್ಜಿಕೊಳ್ಳುತ್ತವೆ. ಚರ್ಮ ಕಾಯುತ್ತದೆ, ಸುಡುತ್ತದೆ. ನಲವತ್ತು ಇಂಚು ಉದ್ದದ ಬಾಯಿಯಲ್ಲಿ ಒಂದು ಮೂಲೆ ತುಂಬಿ ಇನ್ನೊಂದು ಖಾಲಿ ಇದ್ದರೂ ರೋಲು ಒಂದು ಕಡೆ ಸವೆದು ಸೊಂಟ ಬೀಳುತ್ತದೆ. ಅಂದರೆ ಎರಡು ಕೈಯಿಂದ, ಉದ್ದಕ್ಕೂ, ತೆಳ್ಳಗೆ, ಸಮನಾಗಿ, ಎಂಟು ತಾಸು ಬಿಡದೆ ಹಾಕುತ್ತಿರಬೇಕು. ಅವ್ವನ ಕೈ ನೋಡಿದ್ದು ನೆನಪಾಯಿತು. ಅವಳು ಹಾಕುತ್ತಿರಲಿಲ್ಲ, ರಂಗೋಲಿ ಪುಡಿ ಬಿಟ್ಟ ಹಾಗೆ ಬೆರಳ ಸಂದಿಯಿಂದ ಬಿಡುತ್ತಿದ್ದಳು.

ಹತ್ತಿಯೂ ಒಂದೇ ತರಹದ್ದಿರಲಿಲ್ಲ ಆಗ. ಎರಿ ಹೊಲದ ಜಯಧರ ತಳಿ ಬರುತ್ತಿತ್ತು. ಅದರ ಕಾಯಿ ಪೂರ್ತಿ ಬಾಯಿ ಬಿಡುವುದಿಲ್ಲ, ಒಣ ಎಲೆ, ತೊಟ್ಟು ಎಲ್ಲ ಕೂಡಿ ಬರುತ್ತದೆ, ಎಳೆ ಗಿಡ್ಡ. ಧಾರವಾಡದ ಹತ್ತಿ ತಳಿ ವಿಜ್ಞಾನಿ ಕಟರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಬರುತ್ತಿತ್ತು, ಎಳೆ ನೀಳ, ಮುಟ್ಟಿದರೆ ರೇಶಿಮೆ. ಆಮೇಲೆ ಡಿಸಿಎಚ್ 32. ಅವ್ವ ಹೇಳುತ್ತಾಳೆ, ಜಯಧರಕ್ಕೆ ಕೈ ಜಾಡಿಸಿ ಹಾಕಬೇಕು, ಕಸ ಉದುರಬೇಕಲ್ಲ. ವರಲಕ್ಷ್ಮಿಗೆ ಕೈ ಸಡಿಲ ಬಿಡಬೇಕು, ಇಲ್ಲಾಂದ್ರೆ ಗಂಟಾಗಿ ಸುತ್ತಿಕೊಳ್ಳುತ್ತದೆ. ರಾಶಿ ಬದಲಾದ ಕೂಡಲೇ ಕೈಯೂ ಬದಲಾಗಬೇಕು. ಇದನ್ನು ಯಾರು ಕಲಿಸಿದರು ಅಂತ ಕೇಳಿದರೆ, "ಕಲಿಸೋದೇನ, ಪಗಾರ ಕಡದ್ರ ಗೊತ್ತಾಗ್ತಿತ್ತು" ಅನ್ನುತ್ತಾಳೆ.

ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ಕೆಲಸ ಅಂತ ಲೆಕ್ಕ ಹಿಡಿಯಲಿಲ್ಲ. ಹತ್ತಿ ಬೆರಳ ಸಂದಿಯಿಂದ ಹೋಗುವಾಗ ಏನಾದರೂ ತಾಗಿದರೆ, ಅಂದರೆ ಕಲ್ಲು, ಕಡ್ಡಿ, ದಾರ, ಕೂದಲು, ಬಳೆ ಚೂರು, ಅದನ್ನು ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಳ್ಳುವುದು. ಬಟವಾಡೆ ದಿನ ಮನೆಗೆ ಬಂದಾಗ ಆ ಚೀಲ ಝಾಡಿಸಿದರೆ ನನಗೆ ಆಟದ ಸಾಮಾನು ಸಿಗುತ್ತಿತ್ತು. ಗೋಲಿ ಗಾತ್ರದ ಕಲ್ಲು, ಗುಂಡಿ, ಒಮ್ಮೆ ಹತ್ತು ಪೈಸೆ.

ಹಾಗಂತ ಆ ದಿನಗಳು ಚೆನ್ನಾಗಿದ್ದವು ಅಂತ ಬರೆದರೆ ಸುಳ್ಳಾಗುತ್ತದೆ. ಅವ್ವನ ಪಕ್ಕದ ಜಿನ್ನಿನವಳ ಎರಡು ಬೆರಳು ಬೀಟರಿಗೆ ಹೋದವು. ಮಾರನೆಯ ದಿನ ಅಲ್ಲಿ ಬೇರೆಯವಳು ನಿಂತಿದ್ದಳು. ಸೆರಗು ಪಟ್ಟಾಕ್ಕೆ ಸಿಕ್ಕ ಕತೆಗಳು ಬೇರೆ. ರಾತ್ರಿ ಎಲ್ಲರಿಗೂ ಕೆಮ್ಮು. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಅಂತ ಮಾಲಕರ ಕಡೆಯಿಂದ ಶನಿವಾರ ಒಂದೊಂದು ಹೆಂಟೆ ಬೆಲ್ಲ ಕೊಡುತ್ತಿದ್ದರು. ಬೆಲ್ಲದಿಂದ ಏನೂ ಇಳಿಯಲಿಲ್ಲ. ಆ ಧೂಳಿನಲ್ಲಿ ಹತ್ತಿಯದಷ್ಟೇ ಅಲ್ಲ, ರೋಲಿನ ಚರ್ಮದ ಪುಡಿಯೂ ಇತ್ತು. ಆ ಚರ್ಮ ಹದ ಮಾಡುವುದು ಕ್ರೋಮಿನಿಂದ, ಅಂದರೆ ಕ್ರೋಮಿಯಂ ಲೋಹದ ಉಪ್ಪಿನಿಂದ. ಮುಂಬೈಯ ಹತ್ತಿ ತಂತ್ರಜ್ಞಾನ ಸಂಸ್ಥೆ, ಸಿರ್‌ಕಾಟ್ ಅಂತಾರಲ್ಲ, 1924ರಲ್ಲಿ ಶುರುವಾದದ್ದು, ಅವರು ಕ್ರೋಮಿಲ್ಲದ ರಬ್ಬರಿನ ರೋಲು ಮಾಡಿದ್ದಾರೆ. ಅವ್ವನ ಕಾಲಕ್ಕೆ ಅದು ಇರಲಿಲ್ಲ. ಈಗಲೂ ಮಳೆಗಾಲದ ರಾತ್ರಿ ಅವಳ ಉಸಿರಿನ ಸದ್ದು ಪಡಸಾಲೆಯವರೆಗೆ ಕೇಳುತ್ತದೆ.

ನಮ್ಮ ಸೀಮೆಯಲ್ಲಿ ಹತ್ತಿ ಹಾಕುವ ಈ ಕೆಲಸ ಅವ್ವನಿಂದ ಶುರುವಾದದ್ದೂ ಅಲ್ಲ. ಜಿನ್ನು ಬರುವ ಮೊದಲು ಧಾರವಾಡದ ಕಡೆ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಮೇಲೆ ಕಬ್ಬಿಣದ ಸರಳಿಟ್ಟು, ಕೂತಲ್ಲಿಂದ ಅಂಗಾಲಿನಿಂದ ಉರುಳಿಸಿ ಕಾಳು ಬೇರೆ ಮಾಡುತ್ತಿದ್ದರು. ಉಣಿಸುವ ಕೈಯೂ ಅವರದೇ, ಜಿನ್ನಿನ ಕಾಲೂ ಅವರದೇ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೂ ಗರಗಸದ ಜಿನ್ನುಗಳನ್ನೂ ಕರೆಸಿ, ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಧಾರವಾಡದ ನೆಲದಲ್ಲಿ ಊರಿಸಿತು. ಹೊರಗಿನ ಹತ್ತಿಗೆ ಗರಗಸ ಒಗ್ಗಿತು. ಕುಮಟಾ ಬಂದರದಿಂದ ಹೋಗುತ್ತಿದ್ದುದಕ್ಕೆ ಕುಮಟಾ ಅಂತಲೇ ಹೆಸರಾದ ನಮ್ಮ ಗಿಡ್ಡ ಎಳೆಯ ಹತ್ತಿಗೆ ಒಗ್ಗಲಿಲ್ಲ, ಎಳೆ ತುಂಡಾಗುತ್ತಿತ್ತು. ಕೊನೆಗೆ ಈ ದೇಶದಲ್ಲಿ ಗೆದ್ದದ್ದು ಚರ್ಮದ ರೋಲು.

ಅಮೆರಿಕದವರು ಮಾತ್ರ ಕೈಯಿಂದ ಉಣಿಸುವುದನ್ನು ಬಲುಬೇಗ ಬಿಟ್ಟರು. ಟೆಕ್ಸಾಸಿನ ರಾಬರ್ಟ್ ಮಂಗರ್ ಅನ್ನುವವನು 1880ರ ದಶಕದಲ್ಲೇ ಗಾಡಿಯಿಂದ ಹತ್ತಿಯನ್ನು ಗಾಳಿಕೊಳವೆಯಲ್ಲಿ ಹೀರಿ, ಸಾಲು ಜಿನ್ನುಗಳ ನೆತ್ತಿಯ ಮೇಲೆ ಒಯ್ದು, ತಾನಾಗಿ ಬೀಳುವ ಹಾಗೆ ಮಾಡಿದ. ನಮ್ಮಲ್ಲಿ ಅದು ಬಹುಮಟ್ಟಿಗೆ ಬಂದದ್ದು ನೂರಿಪ್ಪತ್ತು ವರ್ಷದ ಮೇಲೆ. ಕಾರಣ ಗುಟ್ಟಲ್ಲ. ಕೈ ಅಗ್ಗವಿತ್ತು.

2000ದಲ್ಲಿ ಕೇಂದ್ರ ಸರಕಾರ ಹತ್ತಿ ತಂತ್ರಜ್ಞಾನ ಮಿಶನ್ ತಂದಿತು. ಅದರ ನಾಲ್ಕನೇ ಭಾಗ ಜಿನ್ನು ಮತ್ತು ಅರಳಿ ಒತ್ತುವ ಪ್ರೆಸ್ಸುಗಳನ್ನು ಸುಧಾರಿಸುವುದು. ನಮ್ಮ ಹತ್ತಿಯಲ್ಲಿ ಕಸ ಜಾಸ್ತಿ ಅಂತ ಹೊರದೇಶದ ಗಿರಣಿಗಳು ಬೈಯುತ್ತಿದ್ದ ಕಾಲ. ಹತ್ತಿ ನೆಲಕ್ಕೆ ತಾಗಬಾರದು, ತಲೆಮೇಲೆ ಬುಟ್ಟಿ ಹೊರಬಾರದು, ಕನ್ವೇಯರಿನಲ್ಲೇ ಸಾಗಬೇಕು, ಜಿನ್ನಿಗೆ ಫೀಡರು ಕೂರಿಸಬೇಕು. ಹಾಗೆ ಮಾಡಿದರೆ ಸಹಾಯಧನ. ಅಷ್ಟೊತ್ತಿಗೆ ನಾನು ಗದಗು ಬಿಟ್ಟು ರಾಯಚೂರು ಜಿಲ್ಲೆಯ ಒಂದು ಫ್ಯಾಕ್ಟರಿಗೆ ಬಂದಿದ್ದೆ. 2006ರಲ್ಲಿ ನಮ್ಮಲ್ಲಿ ಫೀಡರು ಬಂದವು, ಲಾರಿ ತುಂಬ. ಕೂರಿಸಿದವರಲ್ಲಿ ನಾನೂ ಒಬ್ಬ.

ನೋಡಲು ಏನೂ ಇಲ್ಲ, ಜಿನ್ನಿನ ತಲೆಯ ಮೇಲೊಂದು ತಗಡಿನ ಪೆಟ್ಟಿಗೆ. ಮೇಲೆ ಹರಿಯುವ ಕನ್ವೇಯರಿನಿಂದ ಹತ್ತಿ ಈ ಪೆಟ್ಟಿಗೆಗೆ ಬೀಳುತ್ತದೆ. ತಳದಲ್ಲಿ ನಕ್ಷತ್ರದ ಆಕಾರದ ಎರಡು ರೋಲು ಮೆಲ್ಲಗೆ ಒಳಮುಖವಾಗಿ ತಿರುಗಿ ಹಿಡಿಹಿಡಿ ಹತ್ತಿ ಕೆಳಗಿಳಿಸುತ್ತವೆ. ಅವುಗಳ ಅಡಿಗೆ, ಮೊದಲು ಹೇಳಿದ ಹಲ್ಲಿನ ಸಿಲಿಂಡರು ಜೋರಾಗಿ ತಿರುಗುತ್ತ ಆ ಹಿಡಿಯನ್ನು ಬಿಚ್ಚಿ, ಬಾಗಿದ ಜಾಲರಿಯ ಮೇಲೆ ಎಳೆದಾಡಿ, ಎಲೆಪುಡಿ ಮಣ್ಣು ಉದುರಿಸಿ, ಜಾರುಹಲಗೆಗೆ ಎಸೆಯುತ್ತದೆ. ಅಲ್ಲಿಂದ ಬಾಯಿಯ ಉದ್ದಕ್ಕೂ ತೆಳು ಪರದೆಯ ಹಾಗೆ ಬೀಳುತ್ತದೆ. ನಕ್ಷತ್ರದ ರೋಲು ಅವ್ವನ ತೋಳು, ಸಿಲಿಂಡರು ಬೆರಳು, ಜಾಲರಿ ಕೈ ಜಾಡಿಸುವುದು. ಮೊದಲ ದಿನ ಬಿಟ್ಟಾಗ ನನಗೆ ಹಾಗೇ ಕಂಡಿತು, ಈಗಲೂ ಹಾಗೇ ಕಾಣುತ್ತದೆ. ಹೊಸ ಫೀಡರುಗಳಲ್ಲಿ ಜಿನ್ನಿನ ಮೋಟರು ಎಳೆಯುವ ಆಂಪಿಯರ್ ನೋಡಿಕೊಂಡು ತಾನೇ ವೇಗ ಇಳಿಸುವ ಏರ್ಪಾಟಿದೆ. ನಮ್ಮವು ಹಳೆಯವು, ಸ್ಪ್ರಾಕೆಟ್ ಅನ್ನುವ ಹಲ್ಲುಗಾಲಿ ಬದಲಿಸಿ ವೇಗ ಕೂಡಿಸಬೇಕು.

ಫೀಡರು ಬಂದ ವರ್ಷ ಅಕಾಲದ ಮಳೆ ಬಿದ್ದಿತ್ತು. ಜಿನ್ನು ಚೆನ್ನಾಗಿ ನಡೆಯಲು ಹತ್ತಿಯಲ್ಲಿ ತೇವ ಶೇಕಡಾ 8ರ ಆಸುಪಾಸು ಇರಬೇಕು. ಬರುತ್ತಿದ್ದುದು ಹಿಂಡಿದರೆ ಕೈ ತಣ್ಣಗಾಗುವಂಥ ಹತ್ತಿ. ರಾತ್ರಿ ಪಾಳಿ, ಎರಡು ಗಂಟೆ ಆಗಿರಬಹುದು. ಕನ್ವೇಯರು ಹರಿಯುತ್ತಿದೆ, ಪೆಟ್ಟಿಗೆಗಳೆಲ್ಲ ಗಾಜಿನ ಕಿಂಡಿಯವರೆಗೆ ತುಂಬಿವೆ, ಯಾವ ದೀಪವೂ ಕೆಂಪಾಗಿಲ್ಲ. ನಾನು ಚಹಾ ಹಿಡಿದು ಕೂತಿದ್ದೆ. ಆಗ ಮೂಗಿಗೆ ಏನೋ ತಾಗಿತು. ಸುಟ್ಟ ಗೊರಸಿನ ವಾಸನೆ, ಎತ್ತಿಗೆ ಲಾಳ ಹೊಡೆಯುವಾಗ ಬರುತ್ತದಲ್ಲ ಅದು. ಎದೆ ಧಸ್ ಅಂತು. ಹತ್ತು ವರ್ಷದವನಿದ್ದಾಗ ಕಟ್ಟೆಯ ಮೇಲೆ ಅವ್ವ ಹೇಳಿದ್ದಳು, "ಚರ್ಮದ ವಾಸನಿ ಬಂತಂದ್ರ ಯಾವದೋ ಬಾಯಿ ಖಾಲಿ ಐತಿ ಅಂತ ತಿಳಿ. ಮೊದಲು ನಿಂದು ನೋಡ್ಕೊ."

ಓಡಿದೆ. ಹನ್ನೊಂದನೆಯ ಜಿನ್ನು. ಪೆಟ್ಟಿಗೆ ಮೇಲೆ ತುಂಬಿದೆ, ಕೆಳಗೆ ಒಂದು ಎಳೆ ಬೀಳುತ್ತಿಲ್ಲ. ಒದ್ದೆ ಹತ್ತಿ ಪೆಟ್ಟಿಗೆಯ ಎರಡು ಗೋಡೆಗೆ ಹೆಗಲು ಕೊಟ್ಟು ಕಮಾನು ಕಟ್ಟಿಕೊಂಡು ನಿಂತುಬಿಟ್ಟಿತ್ತು. ಅದರ ಕೆಳಗೆ ನಕ್ಷತ್ರದ ರೋಲು ಗಾಳಿ ಉಣಿಸುತ್ತಿತ್ತು. ರೋಲಿನ ಚರ್ಮ ಆಗಲೇ ಕಪ್ಪಾಗಿ ಹೊಗೆಯಾಡುತ್ತಿತ್ತು. ಇನ್ನೈದು ನಿಮಿಷ ಬಿಟ್ಟಿದ್ದರೆ ಕಿಡಿ, ಕಿಡಿ ಬಿದ್ದರೆ ಅರಳಿ, ಅರಳಿಗೆ ಹತ್ತಿದರೆ ಶೆಡ್ಡು. ಬಂದ್ ಮಾಡಿ, ಬಿದಿರು ಗಳದಿಂದ ಕಮಾನು ಮುರಿದೆ. ನಾನು ಮಾಡಿದ ತಪ್ಪೂ ಇತ್ತು: ಒದ್ದೆ ಹತ್ತಿಯನ್ನು ಬೇಗ ಮುಗಿಸುವ ಅವಸರದಲ್ಲಿ ಪೆಟ್ಟಿಗೆ ಪೂರ್ತಿ ತುಂಬಲು ಬಿಟ್ಟಿದ್ದೆ. ಅರ್ಧ ಇಟ್ಟಿದ್ದರೆ ಅಷ್ಟು ಭಾರ ಬೀಳುತ್ತಿರಲಿಲ್ಲ. ಅಂದಿನಿಂದ ಆ ಗಳ ನನ್ನ ಹತಾರಗಳ ಜೊತೆಯೇ ಇದೆ. ಹೊಸ ಹುಡುಗರು ನಗುತ್ತಾರೆ, ಗೇಜು ಮೀಟರು ಪಾನಾ ಜೊತೆ ಒಂದು ಬಿದಿರು.

ಒಣ ಹತ್ತಿ ಇದ್ದರೆ ಫೀಡರು ನಿಜಕ್ಕೂ ಚೆನ್ನಾಗಿ ಉಣಿಸುತ್ತದೆ, ಹೊಟ್ಟೆಕಿಚ್ಚು ಪಡದೆ ಹೇಳಬೇಕು. ಬೆಳಗಿನ ಜಾವ ನಾಲ್ಕಕ್ಕೆ ಅದಕ್ಕೆ ನಿದ್ದೆ ಬರುವುದಿಲ್ಲ, ಬೆರಳು ಹೋಗುವುದಿಲ್ಲ. ರೋಲು ಉದ್ದಕ್ಕೂ ಸಮ ಸವೆಯುತ್ತದೆ. ಮತ್ತೆ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲೆ ಹೊಲಗಳೆಲ್ಲ ಅದೇ ಆಗಿವೆ. ಮಾನ್ವಿಯದೂ ಸಿಂಧನೂರಿನದೂ ರಾಶಿ ಹಾಕಿದರೆ ಬೇರೆ ಹೇಳಲಾಗುವುದಿಲ್ಲ. ರಾಶಿಗೊಂದು ಕೈ ಬದಲಿಸುವ ಗರಜೇ ಇಲ್ಲ. ಯಂತ್ರ ಬುದ್ಧಿವಂತ ಆಗಿದ್ದಕ್ಕಿಂತ ಹತ್ತಿ ಒಂದೇ ಆಗಿದ್ದು ಫೀಡರಿಗೆ ಹೆಚ್ಚು ಅನುಕೂಲವಾಯಿತು ಅಂತ ನನಗನಿಸುತ್ತದೆ. ಮಿಸ್ತ್ರಿ ಚಾಚಾ ಇದ್ದಿದ್ದರೆ ಒಪ್ಪುತ್ತಿರಲಿಲ್ಲ, ಅವನಿಗೆ ಎಲ್ಲ ಶ್ರೇಯಸ್ಸೂ ಕಬ್ಬಿಣದ್ದೇ.

ಆದರೆ ಫೀಡರು ಕುರುಡ. ಸಿಲಿಂಡರು ಎಲೆಪುಡಿ ಉದುರಿಸುತ್ತದೆ, ಅಯಸ್ಕಾಂತ ಮೊಳೆ ಹಿಡಿಯುತ್ತದೆ, ಆದರೆ ಪ್ಲಾಸ್ಟಿಕ್ ದಾರಕ್ಕೂ ಹತ್ತಿ ಎಳೆಗೂ ಅದಕ್ಕೆ ವ್ಯತ್ಯಾಸವಿಲ್ಲ. ಉಲ್ಟಾ, ಒಂದು ಮೊಳ ದಾರವನ್ನು ಹಲ್ಲಿಗೆ ಸಿಕ್ಕಿಸಿ ಹತ್ತು ತುಂಡು ಮಾಡಿ ಹತ್ತು ಕಡೆ ಹಂಚುತ್ತದೆ. ಆ ತುಂಡು ಅರಳಿಯಲ್ಲಿ ಹೋಗಿ, 170 ಕಿಲೋ ತೂಕದ ಹತ್ತಿ ಪಿಂಡಿಯಲ್ಲಿ ಅಮುಕಿಕೊಂಡು, ನೂಲಾಗಿ, ಬಟ್ಟೆಯಾಗಿ, ಬಣ್ಣ ಹಾಕಿದಾಗ ಅಲ್ಲಿ ಮಾತ್ರ ಬಣ್ಣ ಹಿಡಿಯದೆ ಬಿಳಿ ಗೀರಾಗಿ ಏಳುತ್ತದೆ. ಆಗ ಬೈಗುಳ ಬರುತ್ತದೆ.

ಅದಕ್ಕೆ ಏನು ಮಾಡಿದೆವು? ಜಿನ್ನಿನ ಹಿಂದಿದ್ದ ಇಪ್ಪತ್ನಾಲ್ಕು ಮಂದಿಯನ್ನು ಬಿಡಿಸಿದೆವು. ಎರಡು ವರ್ಷ ಬಿಟ್ಟು, ಕನ್ವೇಯರು ಶುರುವಾಗುವ ಕಡೆ ಬೆಲ್ಟಿನ ಎರಡೂ ಮಗ್ಗುಲು ಸ್ಟೂಲು ಹಾಕಿ, ತಲೆಗೆ ಟೊಪ್ಪಿಗೆ ಮೂಗಿಗೆ ಬಟ್ಟೆ ಕಟ್ಟಿ, ಹನ್ನೆರಡು ಮಂದಿಯನ್ನು ಕೂರಿಸಿದೆವು. ದಾರ ಆರಿಸಲು. ಅವರಲ್ಲಿ ಐದು ಜನ ಹಿಂದಿನವರೇ. ಫೀಡರು ತರುವಾಗ ಮಾಲಕರು ಲೆಕ್ಕ ಹಾಕಿದ ಕಾಗದ ನಾನು ನೋಡಿದ್ದೆ, ಅದರಲ್ಲಿ ಇಪ್ಪತ್ನಾಲ್ಕು ಆಳಿನ ಕೂಲಿ ಉಳಿತಾಯ ಅಂತ ಬರೆದಿತ್ತು. ಅವರ ಸೊಂಟದ ಚೀಲದ ಲೆಕ್ಕ ಇರಲಿಲ್ಲ. ಕೈಯಿಂದ ಯಂತ್ರಕ್ಕೆ ಹೋದದ್ದು ಅರ್ಧ ಕೆಲಸ, ಉಳಿದರ್ಧಕ್ಕೆ ಮತ್ತೆ ಕೈಯನ್ನೇ ಕರೆಸಬೇಕಾಯಿತು. ಬೆಲ್ಟು ಓಡುವ ವೇಗದಲ್ಲಿ ಆರಿಸುವುದು ಕಷ್ಟ, ಮೊದಲಾದರೆ ಹತ್ತಿ ಅವರ ಬೆರಳಿನ ವೇಗಕ್ಕೆ ಹರಿಯುತ್ತಿತ್ತು. ತಪ್ಪಿಸಿಕೊಂಡದ್ದು ಬಂದು ನನ್ನ ಸಿಲಿಂಡರಿಗೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡದ್ದು ಸಿಕ್ಕಿತಲ್ಲ ಅಂತ ಸಮಾಧಾನ ಪಡುತ್ತ ಬ್ಲೇಡು ಹಿಡಿದು ಕೂರುತ್ತೇನೆ.

ಹೋದ ಕಾರ್ತಿಕದಲ್ಲಿ ಊರಿಗೆ ಹೋಗುವಾಗ ಅವ್ವನ ಬತ್ತಿಗೆಂದು ನಮ್ಮ ಫ್ಯಾಕ್ಟರಿಯ ಅರಳಿ ಅರ್ಧ ಕಿಲೋ ಒಯ್ದಿದ್ದೆ. ಅವಳಿಗೀಗ ಎಪ್ಪತ್ತಾರು, ಕಣ್ಣು ಮಂಜು, ಬೆರಳು ಮಾತ್ರ ಹಾಗೇ ಇವೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೂಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು. ಏನೋ ಚಿವುಟಿ ತೆಗೆದು ನನ್ನ ಅಂಗೈಗಿಟ್ಟಳು. ಸಾಸಿವೆಗಿಂತ ಚಿಕ್ಕ ಕರಿ ಚೂರು. ಒಡೆದ ಹತ್ತಿಕಾಳಿನ ಸಿಪ್ಪೆ.

"ಏ ತಮ್ಮಾ, ನಿನ್ನ ಡಬ್ಬಿ ಹೊಟ್ಟಿಬಾಕ ಆಗೇತಿ ನೋಡು. ಬಾಯಿ ತುಂಬ ತುರುಕಾಕತ್ತೈತಿ."

"ಇಲ್ಲ ಬೇ, ಅದನ್ನ ನಾನs ಸೆಟ್ ಮಾಡೇನಿ."

"ನೀನs ಮಾಡಿದ್ದಕ್ಕ ಅಂದೆ," ಅಂದು ಬತ್ತಿ ಹೊಸೆಯತೊಡಗಿದಳು.

ಸೋಮವಾರ ಪಾಳಿಗೆ ಹೋದವನು ಮೊದಲು ಮಾಡಿದ್ದು ಅದನ್ನೇ. ಒಂದೊಂದೇ ಜಿನ್ನಿನ ಕೆಳಗೆ ಕೈಯೊಡ್ಡಿ ಅರಳಿ ಹಿಡಿದು ಬೆಳಕಿಗೆ ನೋಡಿದೆ. ಏಳನೆಯದರಲ್ಲಿ ಚೂರು ಬರುತ್ತಿತ್ತು. ಫೀಡರಿನ ವೇಗ ಅಳೆದೆ, ಸರಿ ಇತ್ತು. ಬಿಚ್ಚಿ ನೋಡಿದರೆ ಬೀಟರಿನ ನಡುವಿನ ತೋಳಿನ ಬೋಲ್ಟು ಸಡಿಲಾಗಿ ಚೂರಿ ಕೂದಲೆಳೆಯಷ್ಟು ವಾರೆಯಾಗಿತ್ತು. ಬಿಗಿ ಮಾಡಿ, ಚೂರಿ ಕೂಡಿಸಿ, ಮತ್ತೆ ಬಿಟ್ಟೆ. ಫೀಡರಿನದೇನೂ ತಪ್ಪಿರಲಿಲ್ಲ. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.